ನಿಯಮದ ವಾಕ್ಯ, ಪರಿಶೀಲನೆಯ ವಾಕ್ಯ: ಕಂಟೇನರ್ ಭದ್ರತೆಯ ಮೂರು ಸರ್ಕಾರಿ ಪಠ್ಯಗಳ ವಿಮರ್ಶೆ

ಶಿಲಾಶಾಸನವನ್ನು ಪಠ್ಯವಾಗಿ ಓದುವ ದೀರ್ಘ ಪರಂಪರೆ ಕನ್ನಡ ವಿದ್ವತ್ತಿಗಿದೆ. ದಾನವಾದ ಭೂಮಿ ಎಷ್ಟು, ಅದರ ನಾಲ್ಕು ಎಲ್ಲೆಗಳು ಯಾವುವು, ಸಾಕ್ಷಿಗಳಾರು, ದಾನವನ್ನು ಅಳಿದವನಿಗೆ ಯಾವ ಪಾಪ ಎಂಬುದನ್ನೆಲ್ಲ ವಿದ್ವಾಂಸರು ಪದಶಃ ಬಿಡಿಸಿ ತೋರಿಸಿದ್ದಾರೆ. ಇಂದಿನ ಆಡಳಿತದ ನಿಯಮಾವಳಿಗಳಿಗೆ ಅಂಥ ಓದು ದೊರೆತಿರುವುದು ಅಪರೂಪ. ಅವುಗಳಲ್ಲಿಯೂ ಗಣಕ ವ್ಯವಸ್ಥೆಗಳ ಭದ್ರತೆಗೆ ಸಂಬಂಧಿಸಿದವು ತಂತ್ರಜ್ಞರ ಪಾಲಿಗೆ ಬಿಟ್ಟ ಸರಕೆಂದೇ ಎಣಿಕೆಯಾಗಿವೆ. ಜನನ ದಾಖಲೆ, ಭೂದಾಖಲೆ, ಪಿಂಚಣಿ, ಪಡಿತರಗಳೆಲ್ಲವೂ ತಂತ್ರಾಂಶದ ಮೂಲಕವೇ ಸಾಗುವ ಕಾಲದಲ್ಲಿ, ಆ ತಂತ್ರಾಂಶವನ್ನು ಹೇಗೆ ನಡೆಸತಕ್ಕದ್ದೆಂದು ವಿಧಿಸುವ ಪಠ್ಯಗಳೂ ಆಡಳಿತ ಭಾಷೆಯ ಭಾಗವೇ ಆಗಿವೆ. ಅವುಗಳ ವ್ಯಾಕರಣ, ದನಿ, ಮೌನ ಇವೆಲ್ಲ ವಿಮರ್ಶೆಗೆ ಅರ್ಹವಾದ ಸಂಗತಿಗಳು.

ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ಅಮೆರಿಕದ ಸಂಯುಕ್ತ ಸರ್ಕಾರದ ಮೂರು ಪಠ್ಯಗಳನ್ನು. ಮೊದಲನೆಯದು, ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ, ಅಂದರೆ ನಿಸ್ಟ್, 2017ರ ಸೆಪ್ಟೆಂಬರಿನಲ್ಲಿ ಹೊರತಂದ 800-190 ಸಂಖ್ಯೆಯ ಕಂಟೇನರ್ ಭದ್ರತಾ ಮಾರ್ಗದರ್ಶಿ. ಎರಡನೆಯದು, ರಾಷ್ಟ್ರೀಯ ಭದ್ರತಾ ಸಂಸ್ಥೆಯಾದ ಎನ್‌ಎಸ್‌ಎ ಹಾಗೂ ಸೈಬರ್ ಭದ್ರತೆ ಮತ್ತು ಮೂಲಸೌಕರ್ಯ ಭದ್ರತಾ ಸಂಸ್ಥೆಯಾದ ಸಿಸಾ ಕೂಡಿ 2021ರ ಆಗಸ್ಟಿನಲ್ಲಿ ಪ್ರಕಟಿಸಿ, 2022ರಲ್ಲಿ ಎರಡು ಬಾರಿ ಪರಿಷ್ಕರಿಸಿದ ಕುಬರ್ನೆಟಿಸ್ ಭದ್ರತಾ ಕೈಪಿಡಿ. ಮೂರನೆಯದು, ರಕ್ಷಣಾ ಇಲಾಖೆಯ ಮಾಹಿತಿ ವ್ಯವಸ್ಥೆಗಳ ಸಂಸ್ಥೆ 2021ರಲ್ಲಿ ಹೊರಡಿಸಿ ಆಗಾಗ ತಿದ್ದುತ್ತ ಬಂದಿರುವ ಕುಬರ್ನೆಟಿಸ್ 'ಸ್ಟಿಗ್', ಅಂದರೆ ಭದ್ರತಾ ತಾಂತ್ರಿಕ ಅನುಷ್ಠಾನ ನಿಯಮಾವಳಿ. ಮೂರರ ವಿಷಯ ಬಹುಮಟ್ಟಿಗೆ ಒಂದೇ. ಆದರೆ ಒಂದು ವಾಕ್ಯ ಯಾವಾಗ ನಿಯಮವಾಗುತ್ತದೆ ಎಂಬ ಪ್ರಶ್ನೆಗೆ ಮೂರೂ ಕೊಡುವ ಉತ್ತರ ಬೇರೆಬೇರೆ.

ಚುಕ್ಕಾಣಿಯ ಪ್ರಶ್ನೆ

ಕಂಟೇನರ್ ಎಂದರೆ ಒಂದು ತಂತ್ರಾಂಶವನ್ನೂ ಅದು ನಡೆಯಲು ಅಗತ್ಯವಾದ ಪೂರಕ ಕಡತಗಳನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ, ಯಾವ ಯಂತ್ರದ ಮೇಲಾದರೂ ಇಳಿಸಿ ನಡೆಸುವ ಕ್ರಮ. 2013ರಲ್ಲಿ ಡಾಕರ್ ಬಂದ ಮೇಲೆ ಇದು ವ್ಯಾಪಕ ಬಳಕೆಗೆ ಬಂತು. ಒಂದು ಯಂತ್ರದ ಮೇಲಿರುವ ಹಲವು ಕಂಟೇನರ್‌ಗಳು ಆ ಯಂತ್ರದ ಕರ್ನೆಲ್ಲನ್ನು ಹಂಚಿಕೊಳ್ಳುತ್ತವೆ. ಒಂಟಿ ಮನೆಗಿಂತ ವಠಾರಕ್ಕೆ ಇದು ಹೆಚ್ಚು ಸಮೀಪ: ಮನೆಗಳ ನಡುವೆ ಗೋಡೆಯಿದ್ದರೂ ಅಡಿಪಾಯವೂ ಮಾಡಿನ ತೊಲೆಯೂ ಒಂದೇ. ಇಂಥ ನೂರಾರು ಕಂಟೇನರ್‌ಗಳನ್ನು ಯಾವ ಯಂತ್ರದ ಮೇಲೆ ನಡೆಸುವುದು, ಒಂದು ನಿಂತುಹೋದರೆ ಇನ್ನೊಂದನ್ನು ಎಲ್ಲಿ ಎಬ್ಬಿಸುವುದು, ಯಾವುದು ಯಾವುದರೊಡನೆ ಮಾತಾಡಬಹುದು ಎಂಬುದನ್ನು ನಿರ್ಧರಿಸುವ ತಂತ್ರಾಂಶವೇ ಕಂಟೇನರ್ ನಿರ್ವಾಹಕ. ಗೂಗಲ್ 2014ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಕುಬರ್ನೆಟಿಸ್ ಈ ಕ್ಷೇತ್ರದಲ್ಲಿ ಪ್ರಧಾನವಾಗಿದೆ.

ಈ ಹೆಸರು ಗ್ರೀಕ್ ಮೂಲದ್ದು. ಅದರ ಅರ್ಥ ಚುಕ್ಕಾಣಿ ಹಿಡಿದು ಹಡಗು ನಡೆಸುವವನು. ಅದೇ ಪದ ಲ್ಯಾಟಿನ್ ಮಾರ್ಗವಾಗಿ ಸಾಗಿ ಇಂಗ್ಲಿಷಿನ 'ಗವರ್ನ್‌ಮೆಂಟ್' ಆಗಿದೆ. 'ಸೈಬರ್' ಎಂಬ ಉಪಸರ್ಗದ ಬೇರೂ ಅದೇ. ಈ ಸಂಬಂಧ ಕೇವಲ ಪದಕುತೂಹಲದ ವಿಷಯವಾಗಿ ಉಳಿಯುವುದಿಲ್ಲ. ಸರ್ಕಾರಿ ಸಂಸ್ಥೆಯೊಂದು ತನ್ನ ಸೇವೆಗಳನ್ನೆಲ್ಲ ಒಂದೇ ನಿರ್ವಾಹಕದ ಅಧೀನಕ್ಕೆ ತಂದಾಗ, ಆ ನಿರ್ವಾಹಕದ ಎಪಿಐ ಸರ್ವರಿಗೆ ಆಜ್ಞೆ ಕೊಡಬಲ್ಲವನ ಕೈಗೆ ಇಡೀ ಹಡಗು ಸಿಕ್ಕಂತಾಗುತ್ತದೆ. 2018ರ ಫೆಬ್ರವರಿಯಲ್ಲಿ ಬಹಿರಂಗವಾದ ಟೆಸ್ಲಾ ಕಂಪನಿಯ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಕುಬರ್ನೆಟಿಸ್‌ನ ಆಡಳಿತ ಫಲಕಕ್ಕೆ ಪಾಸ್‌ವರ್ಡ್ ಇರಲಿಲ್ಲ. ಒಳಹೊಕ್ಕವರು ಕಂಪನಿಯ ಯಂತ್ರಗಳ ಮೇಲೆ ಕ್ರಿಪ್ಟೋ ಹಣದ ಗಣಿಗಾರಿಕೆ ನಡೆಸಿದರು. ಆದಕಾರಣ ಮೂರೂ ಪಠ್ಯಗಳ ಹಿಂದಿರುವ ಪ್ರಶ್ನೆ ಆಡಳಿತದ ಹಳೆಯ ಪ್ರಶ್ನೆಯೇ ಆಗಿದೆ: ಚುಕ್ಕಾಣಿ ಯಾರ ಕೈಯಲ್ಲಿದೆ, ಅದನ್ನು ಯಾರು ನೋಡುತ್ತಿದ್ದಾರೆ?

ಮೂರು ದನಿಗಳು

ನಿಸ್ಟ್ ಪಠ್ಯದ ದನಿ ಉಪದೇಶದ್ದು. ಅದು ಅಪಾಯಗಳನ್ನು ಇಮೇಜ್, ರಿಜಿಸ್ಟ್ರಿ, ನಿರ್ವಾಹಕ, ಕಂಟೇನರ್, ಯಂತ್ರದ ಕಾರ್ಯಾಚರಣ ವ್ಯವಸ್ಥೆ ಎಂಬ ಐದು ಪದರಗಳಲ್ಲಿ ವಿಂಗಡಿಸುತ್ತದೆ. ನಿರ್ವಾಹಕದ ಪದರದಲ್ಲಿ ಮತ್ತೆ ಐದು ಅಪಾಯಗಳನ್ನು ಗುರುತಿಸುತ್ತದೆ: ಮಿತಿಯಿಲ್ಲದ ಆಡಳಿತಾಧಿಕಾರ, ಅನಧಿಕೃತ ಪ್ರವೇಶ, ಕಂಟೇನರ್‌ಗಳ ನಡುವಣ ಸಂಚಾರದಲ್ಲಿ ಸರಿಯಾದ ಬೇರ್ಪಡಿಕೆಯಿಲ್ಲದಿರುವುದು, ಬೇರೆಬೇರೆ ಸೂಕ್ಷ್ಮತೆಯ ಕೆಲಸಗಳನ್ನು ಒಂದೇ ಯಂತ್ರದ ಮೇಲೆ ಬೆರೆಸುವುದು, ಯಂತ್ರಗಳ ಪರಸ್ಪರ ವಿಶ್ವಾಸದ ಕೊರತೆ. ವಿಂಗಡಣೆ ಅಚ್ಚುಕಟ್ಟಾದುದು. ಇನ್ನೂ ಗಮನಾರ್ಹವಾದುದು ಅದರ ಮೊದಲ ಶಿಫಾರಸು. ತಾಂತ್ರಿಕ ಕ್ರಮ ಯಾವುದನ್ನೂ ಹೇಳುವ ಮೊದಲು, ಸಂಸ್ಥೆಯು ತನ್ನ ಕಾರ್ಯಸಂಸ್ಕೃತಿಯನ್ನೂ ಕಾರ್ಯವಿಧಾನಗಳನ್ನೂ ಕಂಟೇನರ್ ಕ್ರಮಕ್ಕೆ ಹೊಂದಿಸಿಕೊಳ್ಳುವುದು ಅಗತ್ಯವೆಂದು ಅದು ಹೇಳುತ್ತದೆ. ಸರ್ಕಾರಿ ತಾಂತ್ರಿಕ ಪಠ್ಯವೊಂದು ಮೊದಲ ಸ್ಥಾನವನ್ನು ಸಂಸ್ಕೃತಿಗೆ ಕೊಟ್ಟಿರುವುದು ವಿವೇಕದ ಲಕ್ಷಣ. ಆದರೆ ಈ ವಾಕ್ಯವನ್ನು ಪಾಲಿಸಲಾಗಿದೆಯೇ ಇಲ್ಲವೇ ಎಂದು ನಿರ್ಣಯಿಸುವ ಉಪಾಯವೊಂದೂ ಪಠ್ಯದಲ್ಲಿಲ್ಲ. ಪಾಲಿಸಿದ್ದೇವೆ ಎಂದು ಯಾವ ಸಂಸ್ಥೆಯಾದರೂ ಹೇಳಬಹುದು.

ಎನ್‌ಎಸ್‌ಎ ಮತ್ತು ಸಿಸಾ ಪಠ್ಯದ ದನಿ ಎಚ್ಚರಿಕೆಯದು. ಅದು ಶತ್ರುವಿನಿಂದ ಆರಂಭಿಸುತ್ತದೆ: ದತ್ತಾಂಶದ ಕಳವು, ಗಣನಶಕ್ತಿಯ ಕಳವು, ಸೇವೆಯನ್ನು ಸ್ಥಗಿತಗೊಳಿಸುವುದು ಎಂಬ ಮೂರು ಉದ್ದೇಶಗಳು, ಸರಬರಾಜು ಸರಪಳಿ, ಹೊರಗಿನ ದಾಳಿಕೋರ, ಒಳಗಿನವ ಎಂಬ ಮೂರು ದಾರಿಗಳು. ಕಥನದ ಈ ಚೌಕಟ್ಟು ಓದುಗನಿಗೆ 'ಏಕೆ' ಎಂಬುದನ್ನು ಮನಗಾಣಿಸುತ್ತದೆ. ಕಂಟೇನರನ್ನು ಮೂಲ ಬಳಕೆದಾರನ ಪೂರ್ಣಾಧಿಕಾರದಲ್ಲಿ ನಡೆಸಕೂಡದೆಂಬ ಮಾತು, ಒಳಹೊಕ್ಕ ದಾಳಿಕೋರ ಅಲ್ಲಿಂದ ಎತ್ತ ಸಾಗಬಲ್ಲ ಎಂಬ ವಿವರಣೆಯ ಪಕ್ಕದಲ್ಲಿ ನಿಂತಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಅನುಬಂಧಗಳಲ್ಲಿ ಮಾದರಿ ಕಡತಗಳಿವೆ. ನಕಲು ಮಾಡಿ ಹೊಂದಿಸಿಕೊಂಡರೆ ಕೆಲಸ ನಡೆಯುತ್ತದೆ. ಮೂರು ಪಠ್ಯಗಳಲ್ಲಿ ಸುಲಭವಾಗಿ ಓದಿಸಿಕೊಳ್ಳುವುದು ಇದೇ. ಆದರೂ ಇದು ಶಿಫಾರಸಿನ ಗಡಿಯನ್ನು ದಾಟುವುದಿಲ್ಲ.

ಸ್ಟಿಗ್‌ನ ದನಿ ಆಜ್ಞೆಯದು. ಅಮೆರಿಕದ ರಕ್ಷಣಾ ಇಲಾಖೆಯ ವ್ಯವಸ್ಥೆಗಳಿಗೆ ಅದರ ಪಾಲನೆ ಕಡ್ಡಾಯ. ಅದರ ಪ್ರತಿಯೊಂದು ಅಂಶಕ್ಕೂ ನಿಶ್ಚಿತವಾದ ಅಂಗರಚನೆಯಿದೆ: ಒಂದು ಗುರುತಿನ ಸಂಖ್ಯೆ, ತೀವ್ರತೆಯ ಮೂರು ವರ್ಗಗಳಲ್ಲೊಂದು, ನಿಯಮವನ್ನು ಸಾರುವ ಶೀರ್ಷಿಕೆ, ಕಾರಣವನ್ನು ವಿವರಿಸುವ ಚರ್ಚೆ, ನಿಯಮ ಪಾಲನೆಯಾಗಿದೆಯೇ ಎಂದು ನೋಡುವ ಪರಿಶೀಲನೆ, ಆಗಿಲ್ಲವಾದರೆ ಮಾಡತಕ್ಕ ಪರಿಹಾರ. ಪರಿಶೀಲನೆಯ ಭಾಗ ಎಲ್ಲ ಅಂಶಗಳಲ್ಲೂ ಒಂದೇ ಬಗೆಯ ಷರತ್ತಿನ ವಾಕ್ಯದಿಂದ ಮುಗಿಯುತ್ತದೆ: ಹೀಗೆ ಕಂಡುಬಂದಲ್ಲಿ ಅದು 'ಫೈಂಡಿಂಗ್'. ಕನ್ನಡದ ಕಚೇರಿಗಳಲ್ಲಿ ಲೆಕ್ಕಪರಿಶೋಧಕರು 'ಆಕ್ಷೇಪಣೆ' ಎಂದು ಕರೆಯುವುದಕ್ಕೆ ಇದು ಸಮಾನ. ಸಾಹಿತ್ಯದ ಕಣ್ಣಿಗೆ ಈ ಪಲ್ಲವಿ ನೀರಸವಾಗಿ ಕಾಣಬಹುದು. ಆದರೆ ಈ ಪಠ್ಯದ ನೈತಿಕ ಬಲ ಇರುವುದು ಅಲ್ಲಿಯೇ. ಎಪಿಐ ಸರ್ವರಿನಲ್ಲಿ ಅನಾಮಧೇಯ ಪ್ರವೇಶಕ್ಕೆ ಅವಕಾಶ ಕೊಡಕೂಡದು ಎಂದರೆ, ಯಾವ ಕಡತವನ್ನು ತೆರೆದು ಯಾವ ಸಾಲನ್ನು ನೋಡಬೇಕು ಎಂಬುದೂ ಅದರೊಡನೆಯೇ ಬರುತ್ತದೆ. ಅಧಿಕಾರಿಯ ಭರವಸೆಗೂ ಗುತ್ತಿಗೆದಾರನ ಪ್ರಮಾಣಪತ್ರಕ್ಕೂ ಅಲ್ಲಿ ಎಡೆಯಿಲ್ಲ. ಸಾಲು ಇದೆ ಅಥವಾ ಇಲ್ಲ.

ಶಾಸನಗಳ ಓದುಗರಿಗೆ ಈ ರಚನೆ ಅಪರಿಚಿತವೆನಿಸಲಾರದು. ದಾನಶಾಸನದ ಎಲ್ಲೆಗಳ ಪಟ್ಟಿಯೂ ಇದೇ ಬಗೆಯದು. ಮೂಡಲಿಗೆ ಕೆರೆಯ ಕೋಡಿ, ತೆಂಕಲಿಗೆ ನೆಟ್ಟ ಕಲ್ಲು ಎಂಬ ಮಾತನ್ನು ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಹೋಗಿ ನೋಡಿ ತಾಳೆ ಹಾಕಬಹುದಿತ್ತು. ಶಾಪಾಶಯದ ಭಾಗವಾದರೋ ಹಾಗಲ್ಲ. ಅದು ಓದುವವನ ಮನಸ್ಸಾಕ್ಷಿಯನ್ನು ನೆಚ್ಚಿಕೊಂಡಿದೆ. ಎಲ್ಲೆಯ ವಾಕ್ಯ, ಶಾಪದ ವಾಕ್ಯ ಎರಡೂ ಒಂದೇ ಕಲ್ಲಿನ ಮೇಲಿದ್ದರೂ ಅವುಗಳ ಕಾರ್ಯ ಬೇರೆ. ನಿಸ್ಟ್ ಪಠ್ಯದ ಸಂಸ್ಕೃತಿಯ ಶಿಫಾರಸು ಎರಡನೆಯ ಜಾತಿಗೆ ಸೇರಿದರೆ, ಸ್ಟಿಗ್‌ನ ಪರಿಶೀಲನೆ ಮೊದಲನೆಯದಕ್ಕೆ ಸೇರುತ್ತದೆ.

ಬಿರುಕು ಇರುವೆಡೆ

ಸ್ಟಿಗ್‌ನ ಬಲ ಪರಿಶೀಲನೆಯಲ್ಲಿದೆಯೆಂದ ಮೇಲೆ ಅದರ ದೌರ್ಬಲ್ಯವನ್ನೂ ಅಲ್ಲಿಯೇ ಹುಡುಕಬೇಕಾಗುತ್ತದೆ. ನಿಯಮದ ಶೀರ್ಷಿಕೆ ಹೇಳುವುದನ್ನೂ ಅದರ ಪರಿಶೀಲನೆ ನೋಡುವುದನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ಕೆಲವೆಡೆ ಎರಡಕ್ಕೂ ಹೊಂದಿಕೆಯಿಲ್ಲದಿರುವುದು ಕಾಣುತ್ತದೆ.

242381 ಸಂಖ್ಯೆಯ ಅಂಶ ಇದಕ್ಕೆ ಸ್ಪಷ್ಟ ಉದಾಹರಣೆ. ಪ್ರತಿಯೊಂದು ಕೆಲಸದ ಹೊರೆಗೂ ಪ್ರತ್ಯೇಕ ಸೇವಾ ಖಾತೆಯಿರತಕ್ಕದ್ದೆಂದು ಅದರ ಶೀರ್ಷಿಕೆ ಸಾರುತ್ತದೆ. ಇದರ ಆಶಯ ಉತ್ತಮವಾದುದು. ಪಿಂಚಣಿಯ ತಂತ್ರಾಂಶಕ್ಕೂ ಹಾಜರಾತಿಯ ತಂತ್ರಾಂಶಕ್ಕೂ ಒಂದೇ ಖಾತೆಯಿದ್ದಲ್ಲಿ ಒಂದನ್ನು ಭೇದಿಸಿದವನಿಗೆ ಇನ್ನೊಂದೂ ದಕ್ಕುತ್ತದೆ. ಆದರೆ ಪರಿಶೀಲನೆಯ ಭಾಗ ನೋಡುವುದು ನಿಯಂತ್ರಕ ವ್ಯವಸ್ಥಾಪಕದ ಒಂದೇ ಒಂದು ಆಯ್ಕೆಯನ್ನು. ಆ ಆಯ್ಕೆಯ ಅರ್ಥ ಕುಬರ್ನೆಟಿಸ್‌ನ ಒಳಗಿನ ನಿಯಂತ್ರಕಗಳು ತಂತಮ್ಮ ಪ್ರತ್ಯೇಕ ಖಾತೆಗಳನ್ನು ಬಳಸತಕ್ಕದ್ದು ಎಂದಷ್ಟೇ. ಬಳಕೆದಾರರ ಕೆಲಸಗಳು ಯಾವ ಖಾತೆಯಲ್ಲಿ ನಡೆಯುತ್ತಿವೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಸಾಲು ಸರಿಯಿದ್ದರೆ, ನೂರು ತಂತ್ರಾಂಶಗಳು ಒಂದೇ ಖಾತೆಯಲ್ಲಿ ನಡೆಯುತ್ತಿದ್ದರೂ, ಆಕ್ಷೇಪಣೆಗೆ ಅವಕಾಶವಿಲ್ಲ. ಶೀರ್ಷಿಕೆಯನ್ನು ಓದಿದ ಮೇಲಧಿಕಾರಿಗೆ ಕೆಲಸದ ಹೊರೆಗಳೆಲ್ಲ ಬೇರ್ಪಟ್ಟಿವೆ ಎಂಬ ನಂಬಿಕೆ ಹುಟ್ಟುತ್ತದೆ. ಪರಿಶೀಲನೆಯನ್ನು ನಡೆಸಿದ ತಂತ್ರಜ್ಞನಿಗೆ ಮಾತ್ರ ತಾನು ನೋಡಿದ್ದು ಬೇರೆಯೆಂಬುದು ತಿಳಿದಿರುತ್ತದೆ, ಅವನು ಆ ಆಯ್ಕೆಯ ಅರ್ಥವನ್ನು ಬಲ್ಲವನಾಗಿದ್ದರೆ.

242415ನೆಯ ಅಂಶದ ತೊಡಕು ಇನ್ನೊಂದು ಬಗೆಯದು. ರಹಸ್ಯಗಳನ್ನು, ಎಂದರೆ ಪಾಸ್‌ವರ್ಡ್, ಗೂಢಕೀಲಿ ಮೊದಲಾದವನ್ನು, ಪರಿಸರ ಚರಗಳಲ್ಲಿ ಇಡಕೂಡದೆಂಬುದು ನಿಯಮ. ತೀವ್ರತೆ ಮೊದಲ ವರ್ಗದ್ದು. ಹಿಂದಿನ ಆವೃತ್ತಿಗಳಲ್ಲಿ ಪರಿಶೀಲಿಸುವವನು ಪ್ರತಿಯೊಂದು ಪಾಡ್‌ನೊಳಗೆ ಆಜ್ಞೆ ನಡೆಸಿ ಚರಗಳ ಪಟ್ಟಿಯನ್ನು ಹೊರತೆಗೆದು, ಅದರಲ್ಲಿ ಸೂಕ್ಷ್ಮವಾದುದು ಕಾಣುತ್ತದೆಯೇ ಎಂದು ನೋಡಬೇಕಾಗಿತ್ತು. 'ಸೂಕ್ಷ್ಮ' ಯಾವುದೆಂಬ ನಿರ್ಣಯ ಅಲ್ಲಿ ಓದುಗನ ಮೇಲೆ ಬಿದ್ದಿತ್ತು. ಅದಕ್ಕಿಂತ ಮುಖ್ಯವಾಗಿ, ಭದ್ರತೆಗಾಗಿಯೇ ಅನಗತ್ಯ ಉಪಕರಣಗಳನ್ನೆಲ್ಲ ತೆಗೆದುಹಾಕಿ ಕಟ್ಟಿದ ಇಮೇಜುಗಳಲ್ಲಿ ಇಂಥ ಆಜ್ಞೆಯನ್ನು ನಡೆಸುವ ಸೌಲಭ್ಯವೇ ಇರುವುದಿಲ್ಲ. ಇತರ ಪಠ್ಯಗಳ ಸಲಹೆಯನ್ನು ನಿಷ್ಠೆಯಿಂದ ಪಾಲಿಸಿದವನು ಅಲ್ಲಿ ಪರಿಶೀಲನೆಗೆ ಸಿಕ್ಕುತ್ತಿರಲಿಲ್ಲ.

ಮೂರನೆಯ ತೊಡಕು ಸ್ಥಳದ್ದು. ಅನೇಕ ಪರಿಶೀಲನೆಗಳು ನಿಯಂತ್ರಣ ಯಂತ್ರದ ನಿರ್ದಿಷ್ಟ ಕಡತಕೋಶಕ್ಕೆ ಹೋಗಿ ಅಲ್ಲಿನ ಕಡತಗಳನ್ನು ತೆರೆಯಲು ಹೇಳುತ್ತವೆ. ಸಂಸ್ಥೆ ತನ್ನದೇ ಯಂತ್ರಗಳ ಮೇಲೆ ಕುಬರ್ನೆಟಿಸನ್ನು ಸ್ಥಾಪಿಸಿದ್ದಲ್ಲಿ ಇದು ಸರಿ. ಕ್ಲೌಡ್ ಕಂಪನಿಗಳು ನಿರ್ವಹಿಸಿ ಕೊಡುವ ಕುಬರ್ನೆಟಿಸ್ ಸೇವೆಯಲ್ಲಾದರೋ ಆ ಯಂತ್ರವೇ ಗಿರಾಕಿಯ ಕೈಗೆಟುಕುವುದಿಲ್ಲ. ಅಲ್ಲಿ ಅಧಿಕಾರಿಗೆ ಉಳಿಯುವುದು ಕಂಪನಿಯ ಹೇಳಿಕೆ ಮಾತ್ರ. ಯಾವ ಭರವಸೆಯ ಕ್ರಮವನ್ನು ಸ್ಟಿಗ್‌ನ ರಚನೆ ಹೊರಗಿಟ್ಟಿತ್ತೋ ಅದೇ ಕ್ರಮ ಹಿಂಬಾಗಿಲಿನಿಂದ ಮರಳಿ ಬರುತ್ತದೆ.

ಈ ಮೂರು ನಿದರ್ಶನಗಳಿಂದ ಸ್ಟಿಗ್ ನಿಷ್ಪ್ರಯೋಜಕವೆಂಬ ತೀರ್ಮಾನಕ್ಕೆ ಬರುವಂತಿಲ್ಲ. ಅದರ ಬಹುಪಾಲು ಅಂಶಗಳಲ್ಲಿ ಶೀರ್ಷಿಕೆಗೂ ಪರಿಶೀಲನೆಗೂ ಹೊಂದಿಕೆಯಿದೆ. ಆಡಳಿತ ಫಲಕ ಸ್ಥಾಪಿತವಾಗಿರಕೂಡದೆಂಬ ಅಂಶ, ಕೆಲಸದ ಯಂತ್ರಗಳಲ್ಲಿ ದೂರಪ್ರವೇಶದ ಸೇವೆ ನಡೆಯುತ್ತಿರಕೂಡದೆಂಬ ಅಂಶ, ಬಳಕೆದಾರರ ಕೆಲಸಗಳು ಪ್ರತ್ಯೇಕ ನೇಮ್‌ಸ್ಪೇಸ್‌ಗಳಲ್ಲಿರತಕ್ಕದ್ದೆಂಬ ಅಂಶ ಇವೆಲ್ಲ ತಾವು ಹೇಳಿದ್ದನ್ನೇ ನೋಡುತ್ತವೆ. ಮೇಲೆ ಹೇಳಿದ ಬಿರುಕುಗಳು ಕಣ್ಣಿಗೆ ಬೀಳುವುದಕ್ಕೂ ಪರಿಶೀಲನೆಯನ್ನು ಬಹಿರಂಗವಾಗಿ ಬರೆದಿಟ್ಟಿರುವುದೇ ಕಾರಣ. ಉಪದೇಶದ ಪಠ್ಯದಲ್ಲಿ ಇಂಥ ಬಿರುಕನ್ನು ಯಾರೂ ತೋರಿಸಲಾರರು, ಏಕೆಂದರೆ ಅಲ್ಲಿ ತಾಳೆ ನೋಡಲು ಎರಡನೆಯ ವಾಕ್ಯವೇ ಇಲ್ಲ.

ಹಳತಾಗುವ ನಿಯಮ

ಕಲ್ಲಿನ ಶಾಸನಕ್ಕೆ ಆಯುಸ್ಸು ದೀರ್ಘ. ತಂತ್ರಾಂಶದ ನಿಯಮಕ್ಕೆ ಅಲ್ಪ. 2021ರಿಂದ ಕುಬರ್ನೆಟಿಸ್ ವರ್ಷಕ್ಕೆ ಮೂರು ಆವೃತ್ತಿಗಳನ್ನು ಹೊರತರುತ್ತಿದೆ. ಒಂದೊಂದು ಆವೃತ್ತಿಗೂ ಬೆಂಬಲ ದೊರೆಯುವುದು ಸುಮಾರು 14 ತಿಂಗಳು. ಸರ್ಕಾರಿ ಪಠ್ಯಗಳ ಪರಿಷ್ಕರಣೆ ಈ ವೇಗಕ್ಕೆ ಹೊಂದಿಕೊಳ್ಳುವುದು ಕಷ್ಟ.

ಎನ್‌ಎಸ್‌ಎ ಮತ್ತು ಸಿಸಾ ಪಠ್ಯದ ಮೊದಲ ಆವೃತ್ತಿ ಪಾಡ್‌ಗಳ ನಿರ್ಬಂಧಕ್ಕೆ ಆಧಾರವಾಗಿ ಪಾಡ್ ಭದ್ರತಾ ನೀತಿ ಎಂಬ ಸೌಲಭ್ಯವನ್ನು ಹಿಡಿದಿತ್ತು. ಅನುಬಂಧದಲ್ಲಿ ಅದರ ಮಾದರಿಯನ್ನೂ ಕೊಟ್ಟಿತ್ತು. ಆದರೆ ಅದು ಪ್ರಕಟವಾದ ಆಗಸ್ಟಿಗೆ ನಾಲ್ಕು ತಿಂಗಳು ಮೊದಲೇ, 2021ರ ಏಪ್ರಿಲ್‌ನ 1.21ನೆಯ ಆವೃತ್ತಿಯಲ್ಲಿ, ಆ ಸೌಲಭ್ಯವನ್ನು ಕೈಬಿಡುವ ಘೋಷಣೆಯಾಗಿತ್ತು. 2022ರ ಆಗಸ್ಟಿನ 1.25ನೆಯ ಆವೃತ್ತಿಯಲ್ಲಿ ಅದನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. 2022ರ ಪರಿಷ್ಕರಣೆಯಲ್ಲಿ ಹೊಸ ಸೌಲಭ್ಯದ ವಿವರ ಸೇರಿತು. ತಪ್ಪನ್ನು ತಿದ್ದಿಕೊಂಡ ಈ ಶೀಘ್ರತೆ ಶ್ಲಾಘ್ಯ. ಆದರೆ ಮೊದಲ ಆವೃತ್ತಿಯನ್ನು ಇಳಿಸಿಕೊಂಡು ತನ್ನ ಸುತ್ತೋಲೆಗೆ ಲಗತ್ತಿಸಿದ ಕಚೇರಿಗೆ ತಿದ್ದುಪಡಿ ತಾನಾಗಿ ತಲಪುವುದಿಲ್ಲ.

ಸ್ಟಿಗ್‌ನಲ್ಲಿ ಎಪಿಐ ಸರ್ವರಿನ ಅಸುರಕ್ಷಿತ ಪೋರ್ಟ್ ಮುಚ್ಚಿರತಕ್ಕದ್ದೆಂಬ ಅಂಶವಿದೆ. ಅದರಂತೆ ಒಂದು ಆಯ್ಕೆಯ ಬೆಲೆ ಸೊನ್ನೆಯಾಗಿರಬೇಕು. 1.24ನೆಯ ಆವೃತ್ತಿಯಲ್ಲಿ ಆ ಆಯ್ಕೆಯೇ ಇಲ್ಲವಾಯಿತು. ಹಳೆಯ ಪರಿಹಾರವನ್ನು ಹೊಸ ಆವೃತ್ತಿಯ ಮೇಲೆ ಅಕ್ಷರಶಃ ಹೇರಿದಲ್ಲಿ, ಗುರುತಿಲ್ಲದ ಆಯ್ಕೆಯ ಕಾರಣ ಸರ್ವರ್ ಆರಂಭವಾಗಲಾರದು. ನಿಯಮದ ಆಶಯ ಪೂರ್ಣವಾಗಿ ಈಡೇರಿದ ಮೇಲೆ ಅದರ ಅಕ್ಷರವೇ ಕೇಡಿಗೆ ಕಾರಣವಾಗುವ ಸ್ಥಿತಿ ಇದು.

ಇದಕ್ಕೆ ಪ್ರತಿಯಾದ ಇನ್ನೊಂದು ಸಂಗತಿಯೂ ಇದೆ. 2018ರ ಡಿಸೆಂಬರಿನಲ್ಲಿ ಎಪಿಐ ಸರ್ವರಿನಲ್ಲೇ ಒಂದು ದೋಷ ಪತ್ತೆಯಾಯಿತು. 10ರ ಮಾಪಕದಲ್ಲಿ ಅದರ ತೀವ್ರತೆ 9.8. ಅಲ್ಪಾಧಿಕಾರವುಳ್ಳವನು ಅದರ ಮೂಲಕ ಪೂರ್ಣಾಧಿಕಾರ ಪಡೆಯಬಹುದಾಗಿತ್ತು. ದಾಖಲೆಗಳಲ್ಲಿ ಅದರ ಸುಳಿವು ಹಿಡಿಯುವುದೂ ಸುಲಭವಾಗಿರಲಿಲ್ಲ. ಅದಕ್ಕಿದ್ದ ಸರಿಯಾದ ಪರಿಹಾರ ಹೊಸ ಆವೃತ್ತಿಗೆ ಏರುವುದು. ಆಯ್ಕೆಗಳನ್ನೆಲ್ಲ ನಿಯಮಾನುಸಾರ ಹೊಂದಿಸಿದ ವ್ಯವಸ್ಥೆಯೂ ಅಂಥ ದೋಷದ ಎದುರು ಸುರಕ್ಷಿತವಾಗಿರಲಾರದು. ಸಕಾಲದಲ್ಲಿ ನವೀಕರಿಸತಕ್ಕದ್ದೆಂಬ ನಿಯಮ ಮೂರೂ ಪಠ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿದೆ. ಆದರೆ 'ಸಕಾಲ' ಎಂದರೆ ಎಷ್ಟು ದಿನ ಎಂಬಲ್ಲಿ ದನಿ ಸಡಿಲಗೊಳ್ಳುತ್ತದೆ. ಈ ಪಠ್ಯಗಳ ಹೊರಗಿನ ಇನ್ನೊಂದು ದಾಖಲೆ ಇಲ್ಲಿ ಮಾದರಿಯಾಗಬಲ್ಲದು. ಅಮೆರಿಕದ ಸರ್ಕಾರಿ ಕ್ಲೌಡ್ ಸೇವೆಗಳಿಗೆ ಮಾನ್ಯತೆ ನೀಡುವ ಫೆಡ್‌ರ್ಯಾಂಪ್ 2021ರ ಮಾರ್ಚಿನಲ್ಲಿ ಹೊರಡಿಸಿದ ಕಂಟೇನರ್ ತಪಾಸಣೆಯ ನಿಯಮದಂತೆ, 30 ದಿನಗಳ ಅವಧಿಯೊಳಗೆ ತಪಾಸಣೆಗೊಂಡ ಇಮೇಜಿನಿಂದ ಮಾತ್ರ ಕಂಟೇನರ್‌ಗಳನ್ನು ಬಳಕೆಗೆ ಇಳಿಸಬಹುದು. ಎಣಿಸಬಲ್ಲ ಒಂದು ಸಂಖ್ಯೆ ಬಂದೊಡನೆ ವಾಕ್ಯಕ್ಕೆ ಬೆನ್ನೆಲುಬು ಬರುತ್ತದೆ. ಭಾರತದಲ್ಲಿ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿಯೂ ಇದೇ ಬಗೆಯ ಬಿಗಿ ಕಾಣುತ್ತದೆ: ಸೈಬರ್ ಘಟನೆಯನ್ನು 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು, ದಾಖಲೆಗಳನ್ನು 180 ದಿನಗಳ ಕಾಲ ಉಳಿಸತಕ್ಕದ್ದು.

'ಬೇಕು' ಎಂಬ ಪದದ ಹೊರೆ

ಇಂಥ ನಿಯಮಗಳು ಭಾರತೀಯ ಭಾಷೆಗಳಿಗೆ ಬರುವಾಗ ಏನಾಗುತ್ತದೆ ಎಂಬುದು ದ್ವಿಭಾಷಿಕ ಓದುಗರಿಗೆ ಮುಖ್ಯವಾದ ಪ್ರಶ್ನೆ. ಇಂಗ್ಲಿಷಿನ ತಾಂತ್ರಿಕ ಬರಹದಲ್ಲಿ 'ಮಸ್ಟ್', 'ಶುಡ್', 'ಮೇ' ಎಂಬ ಮೂರು ಸಹಾಯಕ ಕ್ರಿಯಾಪದಗಳಿಗೆ ಮೂರು ನಿಶ್ಚಿತ ತೂಕಗಳಿವೆ. ಅಂತರಜಾಲದ ಮಾನಕಗಳಿಗಾಗಿ 1997ರಲ್ಲಿ ಹೊರಟ ಆರ್‌ಎಫ್‌ಸಿ 2119 ಈ ತೂಕಗಳನ್ನೇ ವ್ಯಾಖ್ಯಾನಿಸಲು ಮೀಸಲಾದ ಪಠ್ಯ. ಮೊದಲನೆಯದು ವಿನಾಯಿತಿಯಿಲ್ಲದ ವಿಧಿ, ಎರಡನೆಯದು ತಕ್ಕ ಕಾರಣವಿದ್ದರೆ ಬಿಡಬಹುದಾದ ಶಿಫಾರಸು, ಮೂರನೆಯದು ಅನುಮತಿ. ಸ್ಟಿಗ್‌ನ ಶೀರ್ಷಿಕೆಗಳು ಮೊದಲನೆಯದನ್ನು ನೆಚ್ಚಿದರೆ, ನಿಸ್ಟ್ ಪಠ್ಯ ಹೆಚ್ಚಾಗಿ ಎರಡನೆಯದರಲ್ಲಿ ಮಾತಾಡುತ್ತದೆ.

ಕನ್ನಡದಲ್ಲಿ ಎರಡಕ್ಕೂ ಸಹಜವಾಗಿ ಬರುವ ರೂಪ '-ಬೇಕು'. 'ನೀರು ಬೇಕು' ಎಂಬಲ್ಲಿ ಬಯಕೆ, 'ಹೋಗಬೇಕು' ಎಂಬಲ್ಲಿ ವಿಧಿ, ಪದ ಒಂದೇ. ಗಡಿಯಾಚೆಗೂ ಈ ಸ್ಥಿತಿ ಬದಲಾಗುವುದಿಲ್ಲ. ತಮಿಳಿನ 'ವೇಂಡುಂ', ಮಲಯಾಳದ 'ವೇಣಂ' ಬಯಕೆ ಮತ್ತು ವಿಧಿ ಎರಡನ್ನೂ ಹೊರುತ್ತವೆ. ದ್ರಾವಿಡವಲ್ಲದ ಮರಾಠಿಯ 'ಪಾಹಿಜೆ'ಯೂ ಅಷ್ಟೇ. ತೆಲುಗಿನ 'ಕಾವಾಲಿ'ಯಲ್ಲಿರುವ ಪ್ರತ್ಯಯವೇ ಅಲ್ಲಿನ ವಿಧಿರೂಪದ ಪ್ರತ್ಯಯ. ಹೊಸೂರು, ಕಾಸರಗೋಡು, ಸೊಲ್ಲಾಪುರ, ಆದವಾನಿಗಳ ಕನ್ನಡಿಗ ನೌಕರನು ಎರಡು ಭಾಷೆಗಳಲ್ಲಿ ಓದಿದರೂ ಎರಡರಲ್ಲೂ ಇದೇ ಸಂದಿಗ್ಧವನ್ನು ಎದುರಿಸುತ್ತಾನೆ. ಇಂಗ್ಲಿಷಿನ ಶಿಫಾರಸೂ ವಿಧಿಯೂ 'ಬೇಕು' ಎಂದಾದಾಗ, ಎಲ್ಲವೂ ಕಡ್ಡಾಯವೆಂದು ತೋರುತ್ತದೆ. ಎಲ್ಲವೂ ಕಡ್ಡಾಯವಾದಲ್ಲಿ ಯಾವುದೂ ಕಡ್ಡಾಯವಾಗಿ ಉಳಿಯುವುದಿಲ್ಲವೆಂಬುದು ಕಚೇರಿಯ ಅನುಭವ.

ಕನ್ನಡದ ಶಾಸನಭಾಷೆ ಇದಕ್ಕೊಂದು ಉಪಾಯವನ್ನು ಬಹುಕಾಲದಿಂದ ಬಳಸುತ್ತ ಬಂದಿದೆ. ಅಧಿನಿಯಮಗಳ ಅನುವಾದಗಳಲ್ಲಿ ವಿಧಿಗೆ '-ತಕ್ಕದ್ದು', ನಿಷೇಧಕ್ಕೆ '-ತಕ್ಕದ್ದಲ್ಲ' ಅಥವಾ '-ಕೂಡದು', ಅನುಮತಿಗೆ '-ಬಹುದು' ರೂಢಿಯಲ್ಲಿವೆ. ಶಿಫಾರಸಿಗೆ 'ಸೂಕ್ತ', 'ಉಚಿತ' ಎಂಬ ಪದಗಳಿವೆ. ಈ ನಾಲ್ಕನ್ನೂ ತಪ್ಪದೆ ಪಾಲಿಸಿದಲ್ಲಿ ತೂಕದ ಭೇದವನ್ನು ಉಳಿಸಿಕೊಳ್ಳಬಹುದು. ಆಡುಮಾತಿಗೆ ದೂರವಾದ '-ತಕ್ಕದ್ದು' ಒರಟೆಂದು ತೋರಿದರೂ, ಆ ದೂರವೇ ಇಲ್ಲಿ ಉಪಯುಕ್ತ; ಅದು ಕಂಡಲ್ಲಿ ಓದುಗ ನಿಂತು ಓದುತ್ತಾನೆ.

ಆದರೆ ಕ್ರಿಯಾಪದವನ್ನು ಸರಿಪಡಿಸಿದ ಮಾತ್ರಕ್ಕೆ ಅನುವಾದ ಮುಗಿಯಿತೆಂದು ಭಾವಿಸಲಾಗದು. 242381ನೆಯ ಅಂಶದ ಶೀರ್ಷಿಕೆಯನ್ನು ಎಷ್ಟೇ ನಿಖರವಾಗಿ ಕನ್ನಡಿಸಿದರೂ ಅದರ ಪರಿಶೀಲನೆಯನ್ನು ಬಿಟ್ಟರೆ, ಮೂಲದಲ್ಲಿ ಕಾಣಬಹುದಾದ ಬಿರುಕು ಅನುವಾದದಲ್ಲಿ ಅದೃಶ್ಯವಾಗುತ್ತದೆ. ನಿಯಮಗಳ ಸಾರಸಂಗ್ರಹಗಳು ಸಾಮಾನ್ಯವಾಗಿ ಶೀರ್ಷಿಕೆಗಳನ್ನು ಉಳಿಸಿಕೊಂಡು ಆಜ್ಞೆಗಳ ಸಾಲುಗಳನ್ನು ತಾಂತ್ರಿಕ ವಿವರವೆಂದು ಬಿಡುತ್ತವೆ. ನಿಯಮದ ಅರ್ಥ ನಿಂತಿರುವುದು ಬಿಟ್ಟ ಭಾಗದಲ್ಲಿಯೇ.

ಗಡಿಯ ಅನುಭವದ ಬೆಳಕಿನಲ್ಲಿ

ಪರಿಶೀಲನೆಯಿಲ್ಲದ ನಿಯಮವೆಂದರೇನು ಎಂಬುದನ್ನು ಭಾಷಾ ಅಲ್ಪಸಂಖ್ಯಾತರಿಗೆ ಯಾರೂ ವಿವರಿಸಬೇಕಾಗಿಲ್ಲ. ಸಂವಿಧಾನಕ್ಕೆ 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350ಎ ಅನುಚ್ಛೇದ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಸಂಬಂಧಿಸಿದ್ದು. ಅದರ ಇಂಗ್ಲಿಷ್ ವಾಕ್ಯದಲ್ಲಿ ವಿಧ್ಯರ್ಥದ 'ಶಾಲ್' ಇದೆ. ಆದರೆ ಅದು ಅಂಟಿಕೊಂಡಿರುವುದು ಸೌಲಭ್ಯ ಒದಗಿಸುವ ಕ್ರಿಯೆಗಲ್ಲ, ಒದಗಿಸಲು ಪ್ರಯತ್ನಿಸುವ ಕ್ರಿಯೆಗೆ. ಕಡ್ಡಾಯವಾಗಿರುವುದು ಪ್ರಯತ್ನ. ಪ್ರಯತ್ನ ನಡೆದಿಲ್ಲವೆಂದು ತೋರಿಸಿಕೊಡುವ ಬಗೆ ಯಾವುದು?

ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇ. 15ರಷ್ಟು ಅಥವಾ ಹೆಚ್ಚು ಮಂದಿ ಅಲ್ಪಸಂಖ್ಯಾತ ಭಾಷೆಯವರಿದ್ದಲ್ಲಿ ಮುಖ್ಯ ನಿಯಮ, ಪ್ರಕಟಣೆಗಳನ್ನು ಆ ಭಾಷೆಯಲ್ಲಿಯೂ ಹೊರಡಿಸಬೇಕೆಂಬ ರಕ್ಷಣಾಕ್ರಮದಲ್ಲಿ ಸಂಖ್ಯೆಯಿದೆ. ಆ ಮಟ್ಟಿಗೆ ಅದು 350ಎಗಿಂತ ಬಿಗಿಯಾದುದು. ಇವುಗಳ ಪಾಲನೆಯನ್ನು ನೋಡಲು 350ಬಿ ಅನುಚ್ಛೇದದಂತೆ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಹುದ್ದೆಯೂ 1957ರಿಂದ ಇದೆ. ಆದರೆ ಆ ಕಚೇರಿಯ ವರದಿಗಳು ಬಹುಮಟ್ಟಿಗೆ ಆಧರಿಸುವುದು ಪ್ರಶ್ನಾವಳಿಗೆ ರಾಜ್ಯ ಸರ್ಕಾರಗಳು ಕಳುಹಿಸುವ ಉತ್ತರಗಳನ್ನು. ಪಾಲಿಸಬೇಕಾದವನೇ ತನ್ನ ಪಾಲನೆಗೆ ಸಾಕ್ಷಿ ನುಡಿಯುವ ಈ ಕ್ರಮಕ್ಕೂ, ಕ್ಲೌಡ್ ಕಂಪನಿಯ ಹೇಳಿಕೆಯನ್ನೇ ಪರಿಶೀಲನೆಯ ಸ್ಥಾನದಲ್ಲಿಡುವ ಕ್ರಮಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ಎರಡೂ ಕಡೆ ಅನುಪಾಲನಾ ವರದಿ ಕಡತಕ್ಕೆ ಸೇರುತ್ತದೆ. ಕ್ಷೇತ್ರದಲ್ಲಿ ಏನಿದೆ ಎಂಬುದು ಕಡತದ ಹೊರಗೆ ಉಳಿಯುತ್ತದೆ.

ಹೋಲಿಕೆಗೆ ಮಿತಿಯಿದೆ. ಸರ್ವರಿನ ಒಂದು ಆಯ್ಕೆ ಸರಿಯಿದೆಯೇ ಎಂದು ನೋಡುವುದು ಕ್ಷಣದ ಕೆಲಸ. ಒಂದು ತಾಲೂಕಿನಲ್ಲಿ ಮಕ್ಕಳು ತಮ್ಮ ಭಾಷೆಯಲ್ಲಿ ಕಲಿಯುತ್ತಿದ್ದಾರೆಯೇ ಎಂದು ನೋಡುವುದು ಹಾಗಲ್ಲ. ಮನುಷ್ಯ ವ್ಯವಹಾರವನ್ನೆಲ್ಲ ಹೌದು-ಇಲ್ಲಗಳಿಗೆ ಇಳಿಸಿದರೆ ಅದೂ ಒಂದು ಬಗೆಯ ವಂಚನೆಯೇ. 242381ನೆಯ ಅಂಶ ತೋರಿಸಿದ್ದೂ ಅದನ್ನೇ. ಆದರೂ ಕೆಲವು ಸಂಗತಿಗಳು ನಿಜವಾಗಿಯೂ ಎಲ್ಲೆಯ ಕಲ್ಲಿನಂಥವು. ಪ್ರಕಟಣಾ ಫಲಕದಲ್ಲಿ ಕನ್ನಡದ ಪ್ರತಿ ಇದೆಯೇ, ಅರ್ಜಿಯ ನಮೂನೆ ಕನ್ನಡದಲ್ಲಿ ದೊರೆಯುತ್ತದೆಯೇ, ಕನ್ನಡ ಮಾಧ್ಯಮದ ಹುದ್ದೆಯಲ್ಲಿರುವ ಶಿಕ್ಷಕರು ಕನ್ನಡ ಬಲ್ಲವರೇ ಎಂಬವನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಅಂಥ ಪರಿಶೀಲನೆಗಳನ್ನು ನಿಯಮದ ಪಕ್ಕದಲ್ಲೇ ಬರೆದಿಡುವ ಕ್ರಮವನ್ನು ಭಾಷಾ ರಕ್ಷಣೆಯ ಪಠ್ಯಗಳು ಗಣಕ ಭದ್ರತೆಯ ಪಠ್ಯಗಳಿಂದ ಪಡೆಯಬಹುದು.

ತೀರ್ಮಾನ

ಮೂರು ಪಠ್ಯಗಳನ್ನು ಒಟ್ಟಾಗಿ ನೋಡಿದಾಗ, ಸರ್ಕಾರಿ ಸಂಸ್ಥೆಯೊಂದಕ್ಕೆ ಮೂರೂ ಅಗತ್ಯವೆನಿಸುತ್ತವೆ. ಅಪಾಯದ ನಕಾಶೆಗೆ ನಿಸ್ಟ್ ಪಠ್ಯ, ಕಾರಣಗಳ ಮನವರಿಕೆಗೆ ಎನ್‌ಎಸ್‌ಎ ಮತ್ತು ಸಿಸಾ ಪಠ್ಯ, ಹೊಣೆಗಾರಿಕೆಗೆ ಸ್ಟಿಗ್. ಇವುಗಳಲ್ಲಿ ಸ್ಟಿಗ್‌ನ ಕ್ರಮ ಹೆಚ್ಚು ಪ್ರಾಮಾಣಿಕವಾದುದು. ತನ್ನ ತಪ್ಪನ್ನು ಇತರರು ಹಿಡಿಯಬಲ್ಲಂತೆ ಅದು ತನ್ನನ್ನು ಬರೆದುಕೊಂಡಿದೆ. ಅದರಲ್ಲಿ ತಿದ್ದಬೇಕಾದುದೂ ಅಲ್ಲಿಂದಲೇ ಸ್ಪಷ್ಟವಾಗುತ್ತದೆ. ಶೀರ್ಷಿಕೆ ಪರಿಶೀಲನೆಯನ್ನು ಮೀರಿ ಮಾತಾಡಕೂಡದು. ಪ್ರತಿಯೊಂದು ಅಂಶಕ್ಕೂ ಅದು ಅನ್ವಯವಾಗುವ ಆವೃತ್ತಿಗಳ ಎಲ್ಲೆಯನ್ನು ಹೇಳತಕ್ಕದ್ದು. ಪರಿಶೀಲನೆ ಅಸಾಧ್ಯವಾದಲ್ಲಿ ಅದನ್ನು 'ಪಾಲನೆಯಾಗಿದೆ' ಎಂದು ದಾಖಲಿಸದೆ, ನೋಡಲಾಗಲಿಲ್ಲವೆಂದೇ ದಾಖಲಿಸತಕ್ಕದ್ದು.

ಕೊನೆಯ ಮಾತು ಅನುವಾದಕರಿಗೂ ಸಲ್ಲುತ್ತದೆ. ಭಾರತದ ಸರ್ಕಾರಿ ಸಂಸ್ಥೆಗಳ ಮಾಹಿತಿ ಭದ್ರತೆಗಾಗಿ ಸರ್ಟ್-ಇನ್ 2023ರ ಜೂನ್‌ನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ಇಂಥವು ಮುಂದೆಯೂ ಬರುತ್ತವೆ; ಅವು ಜಿಲ್ಲೆ, ತಾಲೂಕುಗಳ ಕಚೇರಿಗೆ ತಲಪುವಾಗ ಕನ್ನಡ, ಮಲಯಾಳ, ತಮಿಳು, ಮರಾಠಿಗಳ ಸಾರಾಂಶಗಳಾಗಿಯೇ ತಲಪುತ್ತವೆ. ಆ ಸಾರಾಂಶವನ್ನು ಸಿದ್ಧಪಡಿಸುವವರು ನಿಯಮದ ವಾಕ್ಯದೊಡನೆ ಪರಿಶೀಲನೆಯ ವಾಕ್ಯವನ್ನೂ ಕನ್ನಡಿಸಿದಲ್ಲಿ, ಅದನ್ನು ಓದಿದ ಗುಮಾಸ್ತನಿಗೂ ಮೇಲಧಿಕಾರಿಯನ್ನು ಒಂದು ಪ್ರಶ್ನೆ ಕೇಳುವ ಆಧಾರ ದೊರೆಯುತ್ತದೆ.